ಒಂದು ಕೈಗೆ ಬರುವ ಗಿಟಾರ್ ಪೆಟ್ಟಿಗೆ

ಕುಷ್ಟಗಿಯಲ್ಲಿ ಮದುವೆಯ ಆರತಕ್ಷತೆ, ಗಂಗಾವತಿಯಲ್ಲಿ ಕಾಲೇಜಿನ ವಾರ್ಷಿಕ ಸ್ನೇಹ ಸಮ್ಮೇಳನ, ಯಲಬುರ್ಗಾ ಕಡೆಯ ಹಳ್ಳಿಯಲ್ಲಿ ಭಜನಾ ಮೇಳದ ಜೊತೆ ತತ್ವಪದ, ಭಾನುವಾರ ಕೊಪ್ಪಳದಲ್ಲಿ ಚರ್ಚಿನ ಪ್ರಾರ್ಥನೆ. ನಮ್ಮ ಸೀಮೆಯಲ್ಲಿ ಗಿಟಾರ್ ನುಡಿಸುವವರ ತಿರುಗಾಟ ಹೀಗಿರುತ್ತದೆ. ಹೋಗುವುದು ಬೈಕಿನಲ್ಲಿ, ಇಲ್ಲವೇ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ. ಬೆನ್ನ ಮೇಲೆ ಗಿಟಾರ್, ಒಂದು ಕೈಯಲ್ಲಿ ಪೆಡಲ್ ಮತ್ತು ಕೇಬಲ್ ತುಂಬಿದ ಚೀಲ. ಉಳಿಯುವುದು ಇನ್ನೊಂದು ಕೈ. ಸ್ಪೀಕರ್ ಪೆಟ್ಟಿಗೆ ಆ ಕೈಗೆ ಬರಬೇಕು.

ಸ್ಪೀಕರ್ ಕೊಳ್ಳುವಾಗ ನಮ್ಮ ಕಡೆ ಮೊದಲು ಬಾಯಿಗೆ ಬರುವ ಪ್ರಶ್ನೆ, ‘ಎಷ್ಟು ವ್ಯಾಟ್ ಐತ್ರಿ?’ ಊರಿಂದೂರಿಗೆ ತಿರುಗುವ ವಾದಕ ಅದಕ್ಕೂ ಮೊದಲು ‘ಎಷ್ಟು ಕಿಲೋ ಐತ್ರಿ?’ ಎಂದು ಕೇಳಬೇಕು. ಭಾರವೆಂದು ಮನೆಯಲ್ಲೇ ಬಿಟ್ಟು ಹೋದ ಪೆಟ್ಟಿಗೆ ಎಷ್ಟು ಚೆನ್ನಾಗಿದ್ದರೂ ಆ ರಾತ್ರಿ ಕೆಲಸಕ್ಕೆ ಬರುವುದಿಲ್ಲ. ವೇದಿಕೆಯ ಮೇಲೆ ಇದ್ದ ಯಾವುದೋ ಸ್ಪೀಕರಿಗೆ ತಂತಿ ಚುಚ್ಚಿ, ತನ್ನ ಗಿಟಾರ್ ತನಗೇ ಕೇಳಿಸದೆ ನುಡಿಸಿ ಬರಬೇಕಾಗುತ್ತದೆ. ಕೈಗೆ ಹಗುರಾದ, ಆಂಪ್ಲಿಫೈಯರಿಗೆ ಹೊಂದುವ, ನಮ್ಮ ಊರಿನ ಧೂಳು ಬಿಸಿಲಿಗೆ ತಡೆಯುವ ಸ್ಪೀಕರ್ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ ಅಥವಾ ಕ್ಯಾಬ್, ಆರಿಸುವುದು ಹೇಗೆಂದು ನೋಡೋಣ.

ಮೊದಲು ಗಿಟಾರ್ ಯಾವುದೆಂದು ನೋಡಿ

ಎಲೆಕ್ಟ್ರಿಕ್ ಗಿಟಾರಿಗೆ ಬೇಕಾದ ಸ್ಪೀಕರೇ ಬೇರೆ, ಅಕೌಸ್ಟಿಕ್ ಗಿಟಾರಿಗೆ ಬೇಕಾದದ್ದೇ ಬೇರೆ.

ಎಲೆಕ್ಟ್ರಿಕ್ ಗಿಟಾರಿಗೆಂದು ಮಾಡಿದ ಸ್ಪೀಕರ್ ಸುಮಾರು 75 ಹರ್ಟ್ಜ್‌ನಿಂದ 5,000 ಹರ್ಟ್ಜ್‌ವರೆಗಿನ ನಾದವನ್ನು ಚೆನ್ನಾಗಿ ಕೊಡುತ್ತದೆ. ಅದರಾಚೆಗಿನ ಕೀರಲು ನಾದವನ್ನು ತಾನೇ ಇಳಿಸಿಬಿಡುತ್ತದೆ. ಗಿಟಾರಿನ ದಪ್ಪ ತಂತಿಯ ಬಿಡಿಸ್ವರ 82 ಹರ್ಟ್ಜ್, ಹೀಗಾಗಿ ಕೆಳಗಿನ ನಾದಕ್ಕೆ ಕೊರತೆಯಾಗುವುದಿಲ್ಲ. ಡಿಸ್ಟಾರ್ಷನ್ ಹಾಕಿದಾಗ ಹುಟ್ಟುವ ಕರ್ಕಶ ಅಂಶವನ್ನು ಸೋಸುವುದು ಈ ಸ್ಪೀಕರೇ. ಅದೇ ಗಿಟಾರನ್ನು ಡಿಸ್ಟಾರ್ಷನ್ ಪೆಡಲ್ ಸಮೇತ ನೇರವಾಗಿ ಟ್ರಾಲಿ ಸ್ಪೀಕರಿಗೆ ಚುಚ್ಚಿದರೆ ತಗಡು ಉಜ್ಜಿದಂತೆ ಕೇಳುವುದು ಇದೇ ಕಾರಣಕ್ಕೆ. ಆ ಸ್ಪೀಕರಿನಲ್ಲಿ ದೋಷವಿಲ್ಲ, ಅದು ಮಾತು ಮತ್ತು ಹಾಡಿಗಾಗಿ ಮಾಡಿದ್ದು, ಬಂದದ್ದನ್ನೆಲ್ಲ ಹೊರಗೆ ಕೊಡುತ್ತದೆ.

ಅಕೌಸ್ಟಿಕ್ ಗಿಟಾರಿಗೆ ಇದರ ತಿರುವುಮುರುವು. ತಂತಿಯ ಮಿನುಗು, ಉಗುರಿನ ಸದ್ದು, ಕಟ್ಟಿಗೆಯ ಗಾಳಿ ಎಲ್ಲವೂ ಕೇಳಬೇಕು. ಅದಕ್ಕೆ ಟ್ವೀಟರ್ ಇರುವ, ಎಲ್ಲ ಶ್ರೇಣಿಯ ನಾದ ಕೊಡುವ ಪೆಟ್ಟಿಗೆ ಬೇಕು. ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿದ ಮೇಲೆ ನಮ್ಮ ಹುಡುಗರಲ್ಲೂ ತತ್ವಪದಕ್ಕೆ ಅಕೌಸ್ಟಿಕ್ ಗಿಟಾರ್ ಹಿಡಿಯುವ ಆಸೆ ಬೆಳೆದಿದೆ. ಅಂಥವರು ಎಲೆಕ್ಟ್ರಿಕ್ ಗಿಟಾರಿನ ಕ್ಯಾಬ್ ಕೊಂಡರೆ ನಾದ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಅವರಿಗೆ ಮೈಕಿಗೊಂದು, ಗಿಟಾರಿಗೊಂದು ಜಾಗವಿರುವ, ಬ್ಯಾಟರಿಯಿಂದಲೂ ನಡೆಯುವ ಸಣ್ಣ ಅಕೌಸ್ಟಿಕ್ ಆಂಪ್ ಸರಿಯಾದ ಆಯ್ಕೆ. ಹಳ್ಳಿಯಲ್ಲಿ ಕರೆಂಟು ಹೋದರೂ ಪದ ನಿಲ್ಲುವುದಿಲ್ಲ.

ಮಲ್ಟಿ ಎಫೆಕ್ಟ್ ಪೆಡಲ್ ಬಳಸುವವರು ಒಂದು ಮಾತು ನೆನಪಿಡಿ. ಅದರೊಳಗೆ ಗಿಟಾರ್ ಸ್ಪೀಕರಿನ ಸೋಸುವಿಕೆಯನ್ನು ಅನುಕರಿಸುವ ‘ಕ್ಯಾಬ್ ಸಿಮ್ಯುಲೇಷನ್’ ಎಂಬ ಆಯ್ಕೆ ಇರುತ್ತದೆ. ಸೌಂಡ್ ಸಿಸ್ಟಮ್ಮಿಗೆ ನೇರ ಕೊಡುವಾಗ ಅದು ಆನ್ ಇರಲಿ, ನಿಮ್ಮದೇ ಗಿಟಾರ್ ಕ್ಯಾಬಿಗೆ ಕೊಡುವಾಗ ಆಫ್ ಇರಲಿ. ಎರಡು ಸಲ ಸೋಸಿದರೆ ನಾದ ಉಸಿರುಗಟ್ಟುತ್ತದೆ.

ಇಲ್ಲಿಂದ ಮುಂದಿನ ಮಾತೆಲ್ಲ ಎಲೆಕ್ಟ್ರಿಕ್ ಗಿಟಾರಿನ ಕ್ಯಾಬಿನೆಟ್ ಕುರಿತು. ಕ್ಯಾಬಿನೆಟ್ ಎಂದರೆ ಸ್ಪೀಕರ್ ಕೂರಿಸಿದ ಬರೀ ಪೆಟ್ಟಿಗೆ. ಆಂಪ್ಲಿಫೈಯರ್ ಬೇರೆಯಾಗಿರುತ್ತದೆ, ಅದನ್ನು ಹೆಡ್ ಎನ್ನುತ್ತಾರೆ. ಎರಡೂ ಒಂದರಲ್ಲೇ ಇದ್ದರೆ ಅದು ಕಾಂಬೊ. ತಿರುಗಾಡುವವರಿಗೆ ಬಿಡಿಯಾಗಿರುವುದೇ ಅನುಕೂಲ. ಭಾರ ಹಂಚಿಹೋಗುತ್ತದೆ, ಸಣ್ಣ ಹೆಡ್ ಚೀಲದೊಳಗೆ ಕೂರುತ್ತದೆ, ಒಂದು ಕೆಟ್ಟರೆ ಇನ್ನೊಂದು ದುರಸ್ತಿ ಅಂಗಡಿಯಲ್ಲಿ ಬಿದ್ದಿರಬೇಕಾಗಿಲ್ಲ.

ಒಂದು ಕೊಡ ನೀರಿನ ಲೆಕ್ಕ

12 ಲೀಟರ್ ನೀರು ತುಂಬಿದ ಕೊಡ ಸುಮಾರು 12 ಕಿಲೋ. ಅದನ್ನು ಒಂದೇ ಕೈಯಲ್ಲಿ ಹಿಡಿದು 200 ಹೆಜ್ಜೆ ನಡೆದು ನೋಡಿ. ಕೊಪ್ಪಳದ ಬಸ್ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯುವವರೆಗೆ, ಆಮೇಲೆ ಪೆಂಡಾಲಿನ ಹಿಂಬದಿಯಿಂದ ವೇದಿಕೆ ಹತ್ತುವವರೆಗೆ ನಡೆಯಬೇಕಾದ ದೂರ ಹೆಚ್ಚುಕಡಿಮೆ ಅಷ್ಟೇ. ನಡುವೆ ನಿಲ್ಲದೆ ನಡೆದಿರೆಂದರೆ 12 ಕಿಲೋದ ಕ್ಯಾಬ್ ನಿಮಗೆ ಸೈ. ಕೈ ಬದಲಿಸಬೇಕಾಯಿತು ಎಂದಾದರೆ ಇನ್ನೂ ಹಗುರಾದದ್ದು ಹುಡುಕಿ.

ಪೆಟ್ಟಿಗೆಯ ತೂಕ ಎರಡು ಕಡೆಯಿಂದ ಬರುತ್ತದೆ, ಸ್ಪೀಕರಿನ ಅಯಸ್ಕಾಂತದಿಂದ ಮತ್ತು ಕಟ್ಟಿಗೆಯಿಂದ. ಫೆರೈಟ್ ಅಯಸ್ಕಾಂತದ 12 ಇಂಚಿನ ಸ್ಪೀಕರ್ ಮೂರೂವರೆಯಿಂದ ಐದು ಕಿಲೋ ತೂಗುತ್ತದೆ. ಬಹಳ ಮಂದಿ ಮೆಚ್ಚುವ ಸೆಲೆಸ್ಟಿಯನ್ ವಿಂಟೇಜ್ 30 ಸ್ಪೀಕರ್ 4.7 ಕಿಲೋ. ನಿಯೋಡಿಮಿಯಮ್ ಅಯಸ್ಕಾಂತದ ಸ್ಪೀಕರ್ ಎರಡು ಕಿಲೋದ ಆಸುಪಾಸಿನಲ್ಲಿ ಸಿಗುತ್ತದೆ. ಬೆಲೆ ಜಾಸ್ತಿ, ಆದರೆ ವರ್ಷಗಟ್ಟಲೆ ಹೊರುವವರಿಗೆ ಆ ಹಣ ದಂಡವಲ್ಲ.

ಇನ್ನು ಕಟ್ಟಿಗೆ. 48 ಸೆಂ.ಮೀ. ಅಗಲ, 44 ಸೆಂ.ಮೀ. ಎತ್ತರ, 27 ಸೆಂ.ಮೀ. ಆಳದ ಪೆಟ್ಟಿಗೆಗೆ ಆರೂ ಬದಿ ಸೇರಿ ಹೆಚ್ಚುಕಡಿಮೆ ಒಂದು ಚದರ ಮೀಟರ್ ಹಲಗೆ ಬೇಕು. ಬರ್ಚ್ ಪ್ಲೈವುಡ್ಡಿನ 18 ಮಿ.ಮೀ. ಹಲಗೆಯಾದರೆ ಕಟ್ಟಿಗೆಯೊಂದೇ ಸುಮಾರು 11 ಕಿಲೋ, 12 ಮಿ.ಮೀ. ಆದರೆ ಏಳೂವರೆ. ಎಂಡಿಎಫ್ ಇನ್ನೂ ಭಾರ, ಮೇಲಾಗಿ ಮಳೆಹನಿ ಕುಡಿದರೆ ಅಂಚು ಉಬ್ಬುತ್ತದೆ. ಹಗುರ ಸ್ಪೀಕರ್, ತೆಳು ಪ್ಲೈವುಡ್ ಕೂಡಿದರೆ ಇಡೀ ಕ್ಯಾಬ್ 10–11 ಕಿಲೋದಲ್ಲಿ ಮುಗಿಯುತ್ತದೆ. ಭಾರದ ಸ್ಪೀಕರ್, ದಪ್ಪ ಹಲಗೆಯಾದರೆ 17 ದಾಟುತ್ತದೆ. ನಾಲ್ಕು ಸ್ಪೀಕರಿನ ದೊಡ್ಡ ಕ್ಯಾಬ್ 35–45 ಕಿಲೋ ಇರುತ್ತದೆ. ಅದಕ್ಕೆ ಟಾಟಾ ಏಸ್ ಬೇಕು, ಇಬ್ಬರು ಆಳು ಬೇಕು.

8, 10 ಅಥವಾ 12 ಇಂಚು

8 ಇಂಚಿನ ಸ್ಪೀಕರ್ ಮನೆಯ ರಿಯಾಜ್‌ಗೆ ಸಾಕು. ಪಕ್ಕದಲ್ಲಿ ಢೋಲಕ್, ತಬಲಾ, ಡ್ರಮ್ ಕೂತರೆ ಅದರ ದನಿ ತೆಳುವಾಗುತ್ತದೆ. 10 ಇಂಚಿನದು ಚುರುಕು, ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ, ಪೆಟ್ಟಿಗೆಯೂ ಪುಟ್ಟದು. ಚರ್ಚಿನ ಸಣ್ಣ ಸಭೆಗೆ, ಭಾವಗೀತೆ ಗಾಯನಕ್ಕೆ ಒಳ್ಳೆಯದು. 12 ಇಂಚಿನದು ಮೈತುಂಬಿದ ದನಿ. ಆರ್ಕೆಸ್ಟ್ರಾದಲ್ಲಿ ಎಲ್ಲ ಬಗೆಯ ಹಾಡು ನುಡಿಸುವವರಿಗೆ ಒಂದೇ ಕ್ಯಾಬ್ ಇರಬೇಕೆಂದರೆ ಒಂದು 12 ಇಂಚಿನ ಸ್ಪೀಕರಿನ ಪೆಟ್ಟಿಗೆಯೇ ಇರಲಿ. ಅದನ್ನು ಸ್ಕೂಟಿಯ ಕಾಲಿಡುವ ಜಾಗದಲ್ಲಿ ಇಟ್ಟುಕೊಂಡು ಹೋಗುವ ಯೋಚನೆ ಇದ್ದರೆ ಕೊಳ್ಳುವ ಮೊದಲೇ ಆ ಜಾಗವನ್ನು ಟೇಪಿನಿಂದ ಅಳೆದುಕೊಳ್ಳಿ.

ವ್ಯಾಟ್ ನೋಡಿದ ಮೇಲೆ ಡೆಸಿಬಲ್ ನೋಡಿ

ಸ್ಪೀಕರಿನ ಮೇಲೆ ಬರೆದ ವ್ಯಾಟ್, ಅದು ಎಷ್ಟು ವಿದ್ಯುತ್ ತಡೆದುಕೊಳ್ಳಬಲ್ಲದು ಎಂಬುದನ್ನು ಹೇಳುತ್ತದೆ. ಎಷ್ಟು ಜೋರು ಕೇಳುತ್ತದೆ ಎಂದು ಹೇಳುವ ಅಂಕಿ ಬೇರೆಯೇ ಇದೆ, ಅದಕ್ಕೆ ಸೆನ್ಸಿಟಿವಿಟಿ ಎನ್ನುತ್ತಾರೆ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬ ಲೆಕ್ಕ ಅದು. ವಿಂಟೇಜ್ 30ರದು 100 ಡೆಸಿಬಲ್, ಹಳೆಯ ಹೆಸರುವಾಸಿ ಗ್ರೀನ್‌ಬ್ಯಾಕ್‌ನದು 98.

ವಿದ್ಯುತ್ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಅಂದರೆ 94 ಡೆಸಿಬಲ್‌ನ ಸ್ಪೀಕರಿಗೆ 80 ವ್ಯಾಟ್ ಕೊಟ್ಟಾಗ ಬರುವ ಸದ್ದು, 100 ಡೆಸಿಬಲ್‌ನ ಸ್ಪೀಕರಿಗೆ 20 ವ್ಯಾಟ್ ಕೊಟ್ಟರೇ ಬರುತ್ತದೆ. ಹಣ ಹಾಕುವುದಾದರೆ ಸ್ಪೀಕರಿನ ಮೇಲೆ ಹಾಕಿ. ಆಂಪ್ ಸಣ್ಣದಾಗುತ್ತದೆ, ಚೀಲ ಹಗುರಾಗುತ್ತದೆ.

20 ವ್ಯಾಟಿಗೆ ಆ 100 ಡೆಸಿಬಲ್‌ನ ಸ್ಪೀಕರ್ ಒಂದು ಮೀಟರಿನಲ್ಲಿ ಸುಮಾರು 113 ಡೆಸಿಬಲ್ ಕೊಡುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ 6 ಡೆಸಿಬಲ್ ಇಳಿಯುತ್ತದೆ, ಹೀಗಾಗಿ 8 ಮೀಟರ್ ಆಚೆ 95 ಡೆಸಿಬಲ್ ಉಳಿಯುತ್ತದೆ. ಮದುವೆ ಮಂಟಪಕ್ಕೂ ಶಾಲೆಯ ಅಂಗಳಕ್ಕೂ ಇದು ಧಾರಾಳ. ಆಂಪಿನ ವ್ಯಾಟಿಗಿಂತ ಸ್ಪೀಕರಿನ ವ್ಯಾಟ್ ಮಾತ್ರ ಯಾವಾಗಲೂ ಮೇಲಿರಲಿ. ವಾಲ್ವ್ ಆಂಪ್ ಆದರೆ ಎರಡು ಪಟ್ಟು ಇರಲಿ, ಜೋರು ತಿರುವಿದಾಗ ಅದು ತನ್ನ ಅಂಕಿಗಿಂತ ಹೆಚ್ಚು ಕೊಡುತ್ತದೆ.

ಗವಿಮಠದ ಜಾತ್ರೆ, ಆನೆಗೊಂದಿ ಉತ್ಸವದಂಥ ದೊಡ್ಡ ವೇದಿಕೆಗೆ ಏನು ಮಾಡಬೇಕು ಎಂದು ಕೇಳಬಹುದು. ಅಲ್ಲಿಗೂ ಇದೇ ಸಣ್ಣ ಪೆಟ್ಟಿಗೆ ಸಾಕು. ಸೌಂಡ್‌ನವರಿಂದ ಒಂದು ಮೈಕ್ ಪಡೆದು ಕ್ಯಾಬಿನ ಜಾಳಿಗೆಗೆ ಮೂರು ನಾಲ್ಕು ಬೆರಳಷ್ಟು ಹತ್ತಿರ, ಕೋನಿನ ನಡುವಿಗೂ ಅಂಚಿಗೂ ಮಧ್ಯದಲ್ಲಿ ಇಡಿಸಿ. ಸಾವಿರಾರು ಜನರಿಗೆ ನಿಮ್ಮ ನಾದ ತಲುಪಿಸುವ ಕೆಲಸ ಅವರ ಸಿಸ್ಟಮ್ಮಿನದು. ನಿಮ್ಮ ಕಿವಿಗೂ ಪಕ್ಕದ ತಬಲದವರ ಕಿವಿಗೂ ತಲುಪಿಸುವ ಕೆಲಸ ಕ್ಯಾಬಿನದು.

ಓಮ್ ತಪ್ಪಿದರೆ ಆಂಪ್ ಸುಡುತ್ತದೆ

ಕ್ಯಾಬಿನ ಹಿಂಬದಿಯಲ್ಲಿ 4, 8 ಅಥವಾ 16 ಓಮ್ ಎಂದು ಬರೆದಿರುತ್ತದೆ. ಟ್ರಾನ್ಸಿಸ್ಟರ್ ಆಂಪ್ ಆದರೆ ‘ಕನಿಷ್ಠ ಇಷ್ಟು ಓಮ್’ ಎಂದು ಅದರ ಮೇಲಿರುತ್ತದೆ. ಅದಕ್ಕಿಂತ ಕಡಿಮೆ ಓಮಿನ ಕ್ಯಾಬ್ ಎಂದೂ ಜೋಡಿಸಬೇಡಿ. ಹೆಚ್ಚಿನದು ಜೋಡಿಸಿದರೆ ಅಪಾಯವಿಲ್ಲ, ಸದ್ದು ತುಸು ತಗ್ಗುತ್ತದೆ ಅಷ್ಟೇ. ವಾಲ್ವ್ ಆಂಪಿಗೆ ಹಾಗಲ್ಲ, ಓಮ್ ಸರಿಸಮ ಇರಬೇಕು, ಕ್ಯಾಬ್ ಜೋಡಿಸದೆ ಆನ್ ಮಾಡಲೇಬಾರದು. ಮಾಡಿದರೆ ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು.

8 ಓಮಿನ ಎರಡು ಕ್ಯಾಬ್‌ಗಳನ್ನು ಸಮಾನಾಂತರವಾಗಿ ಜೋಡಿಸಿದರೆ 4 ಓಮ್ ಆಗುತ್ತದೆ. ಗೆಳೆಯನ ಕ್ಯಾಬನ್ನೂ ಸೇರಿಸಿ ಜೋರು ಮಾಡೋಣ ಎಂದು ಹೊರಡುವ ಮೊದಲು ನಿಮ್ಮ ಆಂಪ್ 4 ಓಮ್ ತಡೆಯುತ್ತದೋ ಇಲ್ಲವೋ ಓದಿ ನೋಡಿ. ಹಳೆಯ ಕ್ಯಾಬಿನಲ್ಲಿ ಅಕ್ಷರ ಅಳಿಸಿದ್ದರೆ ಮಲ್ಟಿಮೀಟರ್ ಹಿಡಿಯಿರಿ. 8 ಓಮಿನ ಸ್ಪೀಕರ್ ಮೀಟರಿನಲ್ಲಿ 6–7 ಎಂದು, 16ರದು 11–13 ಎಂದು, 4ರದು 3ರ ಸುತ್ತ ತೋರಿಸುತ್ತದೆ.

ಕೇಬಲ್ ಕೂಡ ಬೇರೆಯೇ. ಗಿಟಾರಿನಿಂದ ಆಂಪಿಗೆ ಹೋಗುವ ಕೇಬಲ್ಲನ್ನು ಆಂಪಿನಿಂದ ಕ್ಯಾಬಿಗೆ ಹಾಕಬಾರದು. ಎರಡರ ಜ್ಯಾಕ್ ಒಂದೇ ಥರ ಕಾಣುತ್ತದೆ, ಒಳಗಿನ ತಂತಿ ಒಂದೇ ಅಲ್ಲ. ಗಿಟಾರ್ ಕೇಬಲಿನೊಳಗಿನ ಎಳೆ ಕೂದಲಿನಂತೆ ಸಣ್ಣದು, ಬಿಸಿಯಾಗಿ ಕರಗಬಹುದು. 1.5 ಚದರ ಮಿ.ಮೀ.ನ ಎರಡೆಳೆ ತಾಮ್ರದ ತಂತಿಗೆ ಗಟ್ಟಿ ಜ್ಯಾಕ್ ಬೆಸೆಸಿ, ಮೇಲೆ ಕೆಂಪು ಟೇಪು ಸುತ್ತಿ ಬೇರೆಯಾಗಿಡಿ. ವೇದಿಕೆಯ ಕತ್ತಲಲ್ಲೂ ಕೈ ತಪ್ಪುವುದಿಲ್ಲ.

ಬೆನ್ನು ತೆರೆದದ್ದೋ, ಮುಚ್ಚಿದ್ದೋ

ಹಿಂಬದಿ ಅರ್ಧ ತೆರೆದಿರುವ ಕ್ಯಾಬ್ ಮುಂದಕ್ಕೂ ಹಿಂದಕ್ಕೂ ನಾದ ಕೊಡುತ್ತದೆ. ಕೋಣೆ ತುಂಬಿದಂತೆ ಕೇಳುತ್ತದೆ, ತಗ್ಗಿನ ನಾದ ಮೃದುವಾಗಿರುತ್ತದೆ, ಒಂದು ಹಲಗೆ ಕಡಿಮೆಯಾದ್ದರಿಂದ ತೂಕವೂ ಕಡಿಮೆ. ಪೂರ್ತಿ ಮುಚ್ಚಿದ ಕ್ಯಾಬಿನ ನಾದ ಬಿಗಿ, ನೇರ ಮುಂದಕ್ಕೆ ಹೋಗುತ್ತದೆ.

ಯಾವುದು ಬೇಕೆಂಬುದನ್ನು ನೀವು ಹೆಚ್ಚಾಗಿ ನುಡಿಸುವ ಜಾಗವೇ ಹೇಳುತ್ತದೆ. ಕುಷ್ಟಗಿ, ಯಲಬುರ್ಗಾದ ಹಳೆಯ ಮಾಳಿಗೆ ಮನೆಗಳ ಮಣ್ಣಿನ ಗೋಡೆ, ಕಟ್ಟಿಗೆಯ ಜಂತಿ, ಮೇಲಿನ ಮೇಲ್ಮುದ್ದೆ ಎಲ್ಲವೂ ನಾದವನ್ನು ಹೀರುತ್ತವೆ, ಪ್ರತಿಧ್ವನಿ ಏಳುವುದಿಲ್ಲ. ಅಲ್ಲಿ ಬೆನ್ನು ತೆರೆದ ಕ್ಯಾಬ್ ಸೊಗಸು. ಟೈಲ್ಸ್ ನೆಲ, ಬರಿ ಗೋಡೆಯ ಕಲ್ಯಾಣ ಮಂಟಪದಲ್ಲಿ ಹಿಂದಕ್ಕೆ ಹೋದ ನಾದ ಗೋಡೆಗೆ ಬಡಿದು ತಿರುಗಿ ಬಂದು ಗೊಂದಲವಾಗುತ್ತದೆ. ಬಯಲಿನ ಪೆಂಡಾಲಿನಲ್ಲಿ ಹಿಂದಕ್ಕೆ ಹೋದದ್ದು ಬಟ್ಟೆ ದಾಟಿ ಹೊಲಕ್ಕೆ ಹೋಗುತ್ತದೆ. ಈ ಎರಡೂ ಕಡೆ ಮುಚ್ಚಿದ್ದೇ ಲೇಸು. ಎಲ್ಲ ಕಡೆ ಹೋಗುವವರು ಹಿಂಬದಿಯ ನಡು ಹಲಗೆಯನ್ನು ತಿರುಪಿನಿಂದ ಬಿಚ್ಚಿ ಹಾಕಲು ಬರುವಂಥದ್ದನ್ನು ಆರಿಸಲಿ.

ಹೇಗೆ ಇಡುತ್ತೀರಿ ಎಂಬುದೂ ಮುಖ್ಯ. ಸ್ಪೀಕರಿನ ಮೇಲುನಾದ ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತದೆ. ನೆಲದ ಮೇಲಿಟ್ಟರೆ ಅದು ನಿಮ್ಮ ಮೊಣಕಾಲಿಗೆ ತಾಗುತ್ತದೆ, ನಿಮಗೆ ಕೇಳದೆ ಟ್ರೆಬಲ್ ಏರಿಸುತ್ತೀರಿ, ಮುಂದಿನ ಸಾಲಿನವರ ಕಿವಿ ನೋಯುತ್ತದೆ. ಗಟ್ಟಿ ಕುರ್ಚಿಯ ಮೇಲಿಡಿ, ಅಥವಾ ಮುಂಗಾಲಿಗೆ ಆಸರೆ ಕೊಟ್ಟು ಕಿವಿಯ ಕಡೆ ಓರೆ ಮಾಡಿ.

ನಮ್ಮ ಊರಿನ ಬಡಗಿಯ ಕೈಯಲ್ಲಿ

ಕಂಪನಿಯ ಕ್ಯಾಬ್ ಸಿಗದಿದ್ದರೆ, ಸಿಕ್ಕರೂ ಭಾರವೆನಿಸಿದರೆ, ಬರೀ ಸ್ಪೀಕರ್ ತರಿಸಿ ಪೆಟ್ಟಿಗೆಯನ್ನು ನಮ್ಮಲ್ಲೇ ಮಾಡಿಸಬಹುದು. ಕಿನ್ನಾಳದ ಗೊಂಬೆ ಕಲಾವಿದರ ಕೆಲಸ ನೋಡಿದವರಿಗೆ ಗೊತ್ತು, ಅವರು ಆರಿಸುವುದೇ ಹಗುರ ಕಟ್ಟಿಗೆ, ಹುಣಸೆ ಬೀಜದ ಅಂಟು ಹಾಕಿ ಅವರು ಬೆಸೆಯುವ ಜೋಡಣೆಯಲ್ಲಿ ಗಟ್ಟಿತನ ಇರುತ್ತದೆ. ಸ್ಪೀಕರ್ ಪೆಟ್ಟಿಗೆಗೂ ಅದೇ ನ್ಯಾಯ. ಹಲಗೆ ತೆಳುವಾಗಿದ್ದರೂ ಮೂಲೆಯ ಜೋಡಣೆ ಬಿಗಿಯಾಗಿರಬೇಕು.

ಬಡಗಿಗೆ ಹೇಳಬೇಕಾದ ಮಾತುಗಳು ಇಷ್ಟು. ಐಎಸ್ 303 ಗುರುತಿನ ನೀರು ತಡೆಯುವ ದರ್ಜೆಯ ಪ್ಲೈವುಡ್ ತರಲಿ. ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಗಟ್ಟಿ, ಆದರೆ ತೂಕ ಹೆಚ್ಚು. ಸುತ್ತಲಿಗೆ 12 ಮಿ.ಮೀ., ಸ್ಪೀಕರ್ ಕೂರುವ ಮುಂಭಾಗಕ್ಕೆ 18 ಮಿ.ಮೀ. ಇರಲಿ. ಒಳಮೂಲೆಗಳಿಗೆ ಕಟ್ಟಿಗೆಯ ಪಟ್ಟಿ ಅಂಟಿಸಿ ತಿರುಪು ಹಾಕಲಿ; ಮೊಳೆ ಬೇಡ, ಅಲುಗಾಟಕ್ಕೆ ಸಡಿಲುತ್ತದೆ. 12 ಇಂಚಿನ ಸ್ಪೀಕರಿಗೆ ರಂಧ್ರ ಸುಮಾರು 28 ಸೆಂ.ಮೀ. ಬರುತ್ತದೆ, ಆದರೂ ಸ್ಪೀಕರ್ ಕೈಗೆ ಬಂದ ಮೇಲೆ ಅಳೆದೇ ಕೊರೆಯಲಿ. ಸ್ಪೀಕರನ್ನು ನಟ್ ಬೋಲ್ಟಿನಿಂದ ಕೂರಿಸಲಿ. ಹಿಡಿಕೆ ಹಾಕುವ ಮುನ್ನ ಪೆಟ್ಟಿಗೆಯನ್ನು ಕೋಲಿನ ಮೇಲೆ ತೂಗಿ ನೋಡಲಿ. ಸ್ಪೀಕರಿನ ಭಾರದಿಂದ ಸಮತೂಕದ ಬಿಂದು ನಟ್ಟನಡುವೆ ಇರದೆ ಮುಂದಕ್ಕೆ ಸರಿದಿರುತ್ತದೆ. ಹಿಡಿಕೆ ಅಲ್ಲೇ ಬರಬೇಕು, ಇಲ್ಲವಾದರೆ ನಡೆಯುವಾಗ ಪೆಟ್ಟಿಗೆ ಓಲಾಡಿ ಕಾಲಿಗೆ ಬಡಿಯುತ್ತದೆ.

ಪೆಟ್ಟಿಗೆ ಮುಗಿದ ಮೇಲೆ ದಪ್ಪ ತಂತಿಯನ್ನು ಮೆಲ್ಲಗೆ ನುಡಿಸಿ ಕಿವಿಗೊಡಿ. ಜಿರ್ರೆಂದು ಸದ್ದು ಬಂದರೆ ಎಲ್ಲೋ ಹಲಗೆಯೋ ತಿರುಪೋ ಸಡಿಲವಿದೆ. ಬಡಗಿ ಎದುರಿಗಿರುವಾಗಲೇ ಬಿಗಿಸಿಕೊಳ್ಳಿ.

ಒಂದೇ ಜಿಲ್ಲೆ, ಎರಡು ಹವೆ

ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಗಾಳಿಯಲ್ಲಿ ತೇವ. ಸ್ಪೀಕರಿನ ಕೋನ್ ಕಾಗದದ್ದು, ಮೂಲೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ನುಡಿಸಿ, ನೆಲಕ್ಕೆ ತಾಗದಂತೆ ಎತ್ತರದಲ್ಲಿಡಿ. ಭತ್ತದ ಹಂಗಾಮಿನಲ್ಲಿ ವೇದಿಕೆಯ ದೀಪಕ್ಕೆ ಮುತ್ತುವ ಹುಳುಗಳು ತೆರೆದ ಬೆನ್ನಿನೊಳಗೂ ನುಗ್ಗುತ್ತವೆ, ಅಲ್ಲೊಂದು ತೆಳು ಜಾಳಿಗೆ ಬಟ್ಟೆ ಹೊಡೆಸಿ.

ಕುಷ್ಟಗಿ, ಯಲಬುರ್ಗಾ ಕಡೆ ಒಣ ಗಾಳಿ, ಎರೆಹೊಲದ ಸಣ್ಣ ಧೂಳು. ಬೇಸಿಗೆಯ 40 ಡಿಗ್ರಿಯಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರೆ ಅಂಟು ಮೆತ್ತಗಾಗುತ್ತದೆ. ದಪ್ಪ ಬಟ್ಟೆಯ ಗವಸು ಹೊಲಿಸಿ. ಒರೆಸುವಾಗ ಒಣ ಮೃದು ಬ್ರಷ್ ಬಳಸಿ, ಕೋನಿಗೆ ಒದ್ದೆ ಬಟ್ಟೆ ತಾಗಿಸಬೇಡಿ. ಇನ್ನೊಂದು ಎಚ್ಚರಿಕೆ ಎಲ್ಲರಿಗೂ: ಬಿಚ್ಚಿದ ಸ್ಪೀಕರನ್ನು ವೆಲ್ಡಿಂಗ್ ಅಂಗಡಿಯಲ್ಲಾಗಲೀ ಕಬ್ಬಿಣದ ಪುಡಿ ಇರುವ ಕಡೆಯಾಗಲೀ ಇಡಬೇಡಿ. ಅಯಸ್ಕಾಂತ ಆ ಪುಡಿಯನ್ನು ಎಳೆದುಕೊಳ್ಳುತ್ತದೆ, ವಾಯ್ಸ್ ಕಾಯಿಲ್ ಆಡುವ ಕೂದಲೆಳೆಯ ಸಂದಿನಲ್ಲಿ ಅದು ಕೂತರೆ ಸ್ಪೀಕರ್ ಕರಕರ ಎನ್ನುತ್ತದೆ, ಮತ್ತೆ ಸರಿಹೋಗುವುದು ಕಷ್ಟ.

ರಾತ್ರಿ 10 ಗಂಟೆ

ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ಜಾರಿಗೆ ಬಂದದ್ದು 2000ದಲ್ಲಿ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ಪ್ರದೇಶವನ್ನು ರಾಜ್ಯ ಸರ್ಕಾರ ಮೌನ ವಲಯವೆಂದು ಘೋಷಿಸಬಹುದು. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಸಬಹುದು. ಸಂಘಟಕರ ಬಳಿ ಅನುಮತಿ ಪತ್ರ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಮನೆಯಲ್ಲಿ ತಡರಾತ್ರಿ ಕೂರುವವರು ಹೆಡ್‌ಫೋನ್ ಜ್ಯಾಕ್ ಇರುವ ಹೆಡ್ ಆರಿಸಿದರೆ ಓಣಿಯ ನಿದ್ದೆಗೆ ಕೇಡಿಲ್ಲ.

ಕೊಳ್ಳುವ ದಿನ

ಹುಬ್ಬಳ್ಳಿಗೆ ಹೋಗಿ ನೋಡಿ ಕೊಳ್ಳುವುದಾದರೆ ನಿಮ್ಮದೇ ಗಿಟಾರ್, ನಿಮ್ಮದೇ ಆಂಪ್ ಒಯ್ಯಿರಿ. ಕೊಪ್ಪಳದಿಂದ ನೇರ ರೈಲಿದೆ, ಬರುವಾಗ ಕ್ಯಾಬ್ ಹೊತ್ತು ರೈಲು ಹತ್ತಿದರೆ ಅದೇ ಮೊದಲ ಪರೀಕ್ಷೆಯೂ ಆಗುತ್ತದೆ. ಅಂಗಡಿಯಲ್ಲಿ ಈ ಐದು ಕೆಲಸ ಬಿಡಬೇಡಿ.

ಒಂದು, ಹಿಡಿಕೆ ಹಿಡಿದು ಎತ್ತಿ, ಅಂಗಡಿಯ ಆ ಕೊನೆಯಿಂದ ಈ ಕೊನೆಗೆ ನಡೆಯಿರಿ.

ಎರಡು, ಹಿಂಬದಿಯ ಓಮ್ ಮತ್ತು ವ್ಯಾಟ್ ಓದಿ, ನಿಮ್ಮ ಆಂಪಿನ ಅಂಕಿಯ ಜೊತೆ ತಾಳೆ ನೋಡಿ.

ಮೂರು, ಡಿಸ್ಟಾರ್ಷನ್ ಇಲ್ಲದೆ ಒಂದೊಂದೇ ತಂತಿ ನುಡಿಸಿ. ಎದುರು ನಿಂತು ಕೇಳಿ, ಪಕ್ಕಕ್ಕೆ ಸರಿದೂ ಕೇಳಿ.

ನಾಲ್ಕು, ಕೈ ಬದಲಾದ ಹಳೆಯ ಕ್ಯಾಬ್ ಆದರೆ ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮವಾಗಿ ಮೆಲ್ಲಗೆ ಒಳಕ್ಕೆ ಒತ್ತಿ. ಉಜ್ಜಿದ ಸದ್ದು ಬಂದರೆ ಬಿಟ್ಟುಬಿಡಿ.

ಐದು, ಜ್ಯಾಕನ್ನು ಅಲುಗಿಸಿ ನೋಡಿ. ಕರಕರ ಎಂದರೆ ಬದಲಿಸಿಕೊಡಲು ಹೇಳಿ, ಅದು ಸಣ್ಣ ದುರಸ್ತಿ.

ಆನ್‌ಲೈನಿನಲ್ಲಿ ತರಿಸುವವರು ತೂಕದ ಅಂಕಿ ಓದಿ, ಅಷ್ಟೇ ಲೀಟರ್ ನೀರು ಕೊಡಕ್ಕೆ ತುಂಬಿ ಎತ್ತಿ ನೋಡಿ. ನಮ್ಮ ಮನೆಯ ಹೆಣ್ಣುಮಕ್ಕಳು ಅಂಥ ಕೊಡಗಳನ್ನು ದಿನವೂ ಹೊತ್ತು ತಂದವರು. ನೀರು ಎಲ್ಲಿಯವರೆಗೆ ಹೋಗಬೇಕು, ಎಷ್ಟು ತುಂಬಿದರೆ ಚೆಲ್ಲದೆ ಮನೆ ಮುಟ್ಟುತ್ತದೆ ಎಂದು ಅವರ ಕೈಗೆ ಗೊತ್ತು. ನಿಮ್ಮ ನಾದವೂ ಕುಷ್ಟಗಿಯ ಮಂಟಪಕ್ಕೋ ಯಲಬುರ್ಗಾದ ಅಂಗಳಕ್ಕೋ ಚೆಲ್ಲದೆ ಮುಟ್ಟಬೇಕು. ಅಷ್ಟನ್ನೇ ತುಂಬಿಕೊಳ್ಳುವ ಪೆಟ್ಟಿಗೆ ಆರಿಸಿ.